ಸಂಸ್ಥಾಪಕರ ಕುರ್ಚಿ ಬಿಚ್ಚಿದ ಮೇಲೆ

ಜೂನ್ ೨, ಸೋಮವಾರ

ಕುರ್ಚಿಯನ್ನು ನಮ್ಮ ದುರಸ್ತಿ ಅಂಗಡಿಗೆ ತೆಗೆದುಕೊಂಡು ಹೋಗುವಂತಿಲ್ಲವಂತೆ. ಹೋಟೆಲಿನ ಮುಂಬಾಗಿಲು ದಾಟಿದ ಕೂಡಲೇ ಎಡಕ್ಕೆ, ಅದು ಎಲ್ಲಿದೆಯೋ ಅಲ್ಲಿಯೇ ಇಟ್ಟುಕೊಂಡು ದುರಸ್ತಿ ಮಾಡಬೇಕು. ಹೆಚ್ಚುಕಡಿಮೆ ನೂರು ವರ್ಷದಿಂದ ಅದು ಆ ಜಾಗ ಬಿಟ್ಟು ಕದಲಿಲ್ಲ ಎಂದು ಮ್ಯಾನೇಜರು ಹೇಳಿದ. ಅಷ್ಟು ಹೇಳುವುದರೊಳಗೆ ಎರಡು ಸಲ ಕೈಗಡಿಯಾರ ನೋಡಿಕೊಂಡ. ನೂರು ವರ್ಷದ ಮಾತಾಡುವವನಿಗೆ ಎರಡು ನಿಮಿಷದ ಪುರುಸೊತ್ತಿಲ್ಲ. ಮನಸ್ಸಿನಲ್ಲೇ ಅವನಿಗೆ ಗಡಿಯಾರಪ್ಪ ಎಂದು ಹೆಸರಿಟ್ಟೆ.

ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಆದರೂ ಅವನು ಬಿಡಲಿಲ್ಲ, ಪೂರ್ತಿ ಹೇಳಿದ. ಹೋಟೆಲು ಶುರುವಾದ ಮೂರನೇ ವರ್ಷ, ಬಿರುಗಾಳಿಯ ಒಂದು ರಾತ್ರಿ ಯಾರೋ ಪ್ರಯಾಣಿಕ ಬಂದು ಬಾಗಿಲು ಬಡಿದ. ಯಾರೂ ತೆಗೆಯಲಿಲ್ಲ. ಬೆಳಿಗ್ಗೆ ಮೆಟ್ಟಿಲ ಮೇಲೆ ಅವನ ಹೆಣ ಸಿಕ್ಕಿತು. ಅಂದಿನಿಂದ ಸಂಸ್ಥಾಪಕರು ಹಾಸಿಗೆಗೆ ಬೆನ್ನು ಕೊಡಲಿಲ್ಲ. ಮೂವತ್ತೊಂದು ವರ್ಷ ಬಾಗಿಲ ಪಕ್ಕದ ಈ ಕುರ್ಚಿಯಲ್ಲಿ ಕೂತೇ ರಾತ್ರಿ ಕಳೆದರು. ಬಂದವರಿಗೆಲ್ಲ ಬಾಗಿಲು ತೆರೆದೇ ಇರುತ್ತಿತ್ತು. ಇದೇ ಕುರ್ಚಿಯ ಮೇಲೆ ಹೋಟೆಲಿನ ಹೆಸರು ನಿಂತಿದೆ. ಇಪ್ಪತ್ನಾಲ್ಕನೇ ತಾರೀಕು ಶತಮಾನೋತ್ಸವದ ಸಮಾರಂಭ, ಅಷ್ಟರಲ್ಲಿ ಆಗಬೇಕು. ಚೆನ್ನಾಗಿ ಆದರೆ ಊಟದ ಮನೆಯ ಕುರ್ಚಿಗಳ ದುರಸ್ತಿಯೆಲ್ಲ ನಮಗೇ. ಎರಡು ವರ್ಷದ ಕೆಲಸ. ತಂಗಿಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಮಂಡಿ ನೋವು ಹಾಗೇ ಇದೆ. ಹೋದ ಕೂಡಲೇ ಒಂದು ಸ್ಟೂಲು ಕೇಳಿ ಪಡೆದೆ. ಐವತ್ತಾರು ವರ್ಷದವಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮೊಳೆ ಕೀಳಲಾರೆ.

ಜೂನ್ ೩, ಮಂಗಳವಾರ

ಚರ್ಮ ಬಿಚ್ಚಿದೆ. ಬಿಚ್ಚಿದವಳು ಸುಮಾರು ಹೊತ್ತು ಹಾಗೇ ನೋಡುತ್ತ ಕೂತೆ.

ಒಬ್ಬ ಮನುಷ್ಯ ಒಂದು ಕುರ್ಚಿಯಲ್ಲಿ ಐದು ವರ್ಷ ಕೂತರೆ ಸಾಕು, ಅವನ ಜಾತಕವೇ ಅದರಲ್ಲಿ ಬರೆದುಹೋಗಿರುತ್ತದೆ. ಸ್ಪ್ರಿಂಗು ಮುಂದಕ್ಕೆ ವಾಲುತ್ತದೆ. ಅದನ್ನು ಬಿಗಿದ ಹುರಿ ಸವೆಯುತ್ತದೆ. ಒಳಗೆ ತುಂಬಿದ ಕುದುರೆ ಕೂದಲು ಕಂಬಳಿಯ ಹಾಗೆ ಒತ್ತಿಕೊಂಡು ಅಂಟಿಹೋಗುತ್ತದೆ. ಬಲಗಡೆ ಭಾರ ಹಾಕುವವನೋ ಎಡಗಡೆಯೋ, ಎದ್ದೇಳುವಾಗ ಯಾವ ತೋಳಿಗೆ ಕೈ ಊರುತ್ತಿದ್ದ, ಎಲ್ಲ ಹೇಳಬಹುದು. ಮೂವತ್ತೊಂದು ವರ್ಷ ಎಂದರೆ ಕೇಳುವುದೇ ಬೇಡ.

ಇದರಲ್ಲಿ ಒಳಗಿನದೆಲ್ಲ ಮೊದಲ ಕೆಲಸಗಾರನದೇ, ಒಂದನ್ನೂ ಬದಲಾಯಿಸಿಲ್ಲ. ಸ್ಪ್ರಿಂಗುಗಳು ಕವಾಯತಿಗೆ ನಿಂತ ಹಾಗೆ ನೆಟ್ಟಗೆ ನಿಂತಿವೆ. ಕೂದಲು ಬೆರಳಿಗೆ ಪುಟಿಯುತ್ತದೆ. ಇದರಲ್ಲಿ ಯಾರೂ ಕೂತಿಲ್ಲ. ಮೂವತ್ತೊಂದು ವರ್ಷವೇನು, ಮೂವತ್ತೊಂದು ದಿನವೂ ಕೂತಿಲ್ಲ.

ಸವೆದಿರುವುದು ಬೇರೆ ಕಡೆ. ಒರಗುವ ಬೆನ್ನಿನ ಮೇಲ್ತುದಿಯಲ್ಲಿ, ಬಾಗಿಲಿನ ಕಡೆಯ ಮೂಲೆಯಲ್ಲಿ, ಮರ ಬೆರಳು ದಪ್ಪ ತಿಂದುಹೋಗಿದೆ. ಎಣ್ಣೆ ಸವರಿದ ಹಾಗೆ ನುಣುಪು. ಅದರ ಕೆಳಗೆ ನೆಲದ ಕಲ್ಲಿನಲ್ಲಿ, ಪಕ್ಕ ಪಕ್ಕ, ಎರಡು ಸಣ್ಣ ತಗ್ಗು. ಮೊದಲು ಕಲ್ಲಿನ ದೋಷ ಅಂದುಕೊಂಡೆ. ಆಮೇಲೆ ಅಲ್ಲಿ ನಿಂತು ನೋಡಿದೆ. ನನ್ನ ಪಾದ ಎರಡೂ ಸರಿಯಾಗಿ ಕೂತವು. ಕೈ ತಾನಾಗಿ ಮೇಲೆದ್ದು ಆ ನುಣುಪು ಜಾಗಕ್ಕೆ ಹೋಯಿತು. ಗಂಡಸಿನ ಎತ್ತರ ಅಲ್ಲ ಅದು. ನನ್ನಷ್ಟೇ ಎತ್ತರದ ಹೆಂಗಸಿನದು.

ಜೂನ್ ೫, ಗುರುವಾರ

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಆಸನ ಮುಚ್ಚಿ ಹೊಲಿಯುವ ಮುಂಚೆ ಒಳಗೆ ಒಂದು ಚೀಟಿ ಇಡುತ್ತೇವೆ. ಯಾರು ಮಾಡಿದ್ದು, ಯಾವ ದಿನ, ಒಳಗೆ ಏನು ಕಂಡಿತು. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಬಿಚ್ಚುವ ಇನ್ನೊಬ್ಬ ಕೆಲಸಗಾರನಿಗೆ ಮಾತ್ರ. ಅದರಲ್ಲಿ ಯಾರೂ ಸುಳ್ಳು ಬರೆಯುವುದಿಲ್ಲ. ಬಿಲ್ಲಿನಲ್ಲಿ ಬೇಕಾದರೆ ಬರೆದಾರು, ಚೀಟಿಯಲ್ಲಿ ಇಲ್ಲ.

ಇವತ್ತು ಗೋಣಿಬಟ್ಟೆಯ ಕೆಳಗೆ ಎರಡು ಚೀಟಿ ಸಿಕ್ಕವು. ಒಂದು ಮೊದಲ ಕೆಲಸಗಾರನದು, ಬರೀ ತಾರೀಕು. ಇನ್ನೊಂದರ ಮೇಲಿನ ತಾರೀಕು ಐವತ್ತೆರಡು ವರ್ಷದ ಹಿಂದಿನದು. ಅಕ್ಷರ ನೋಡಿದ ಕೂಡಲೇ ಗುರುತು ಹತ್ತಿತು. ಅಪ್ಪನದು.

"ಮೇಲಿನ ಚರ್ಮ ಮಾತ್ರ ಬದಲಿಸಿದೆ. ಇದರಲ್ಲಿ ಯಾರೂ ಕೂತಿಲ್ಲ. ಕೇಳಿದರು, ಕೂತಿದ್ದಾರೆ ಎಂದೆ."

ಅಷ್ಟೇ. ಸಹಿ ಇಲ್ಲ.

ಜೂನ್ ೬, ಶುಕ್ರವಾರ

ತಂಗಿಗೆ ಚೀಟಿ ತೋರಿಸಿದೆ. ಓದಿ, ಮಡಚಿ, ಮೇಜಿನ ಮೇಲಿಟ್ಟಳು. "ಅಪ್ಪ ಕೂತು ಊಟ ಮಾಡಿದ್ದು ನಿನಗೆ ನೆನಪಿದ್ಯಾ ಅಕ್ಕ?" ಎಂದಳು.

ನೆನಪಿಲ್ಲ. ನಾವು ಸಣ್ಣವರಿದ್ದಾಗಿನಿಂದ ಅಪ್ಪ ತಟ್ಟೆ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತೇ ತಿನ್ನುತ್ತಿದ್ದ. ಊರಿಗೆಲ್ಲ ಕುರ್ಚಿ ಮಾಡೋನಿಗೆ ತಾನು ಕೂರೋಕೆ ಪುರುಸೊತ್ತಿಲ್ಲ ಎಂದು ಜನ ನಗುತ್ತಿದ್ದರು. ಕೆಲವರು ಮೂಲವ್ಯಾಧಿ ಎಂದರು. ಕೊನೆಯ ಎರಡು ವರ್ಷವಂತೂ ಮಲಗಿಸಿದರೆ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಡಾಕ್ಟರು ವಯಸ್ಸಾಯಿತಲ್ಲ ಎಂದರು. ನಿಂತಲ್ಲೇ ಹೋದ, ಪಾಪ. ಗೋಡೆಗೆ ಒರಗಿ ಬಿಸಿಲು ಕಾಯುತ್ತಿದ್ದಾನೆ ಎಂದುಕೊಂಡಿದ್ದೆವು.

"ಆ ಕೆಲಸ ಬಿಟ್ಬಿಡು," ಎಂದಳು ತಂಗಿ. ಅವಳು ಹೀಗೆ, ಹಗ್ಗ ಕಂಡರೆ ಹಾವು ಅನ್ನುವವಳು. ಎರಡು ವರ್ಷದ ಕೆಲಸ ಯಾರಾದರೂ ಬಿಡುತ್ತಾರೆಯೇ?

ಜೂನ್ ೯, ಸೋಮವಾರ

ಗಡಿಯಾರಪ್ಪ ಬಂದು ಇಣುಕಿದ. ಹೊಸ ಚರ್ಮ ಹೊದಿಸಿ ನೋಡುತ್ತಿದ್ದೆ.

"ಇದೇನು ಮೇಡಂ, ಇಷ್ಟು ಉಬ್ಬಿಕೊಂಡಿದೆ? ಮಧ್ಯದಲ್ಲಿ ಒಂದು ತಗ್ಗು ಇರ್ಲಿ. ಮೂವತ್ತೊಂದು ವರ್ಷ ಕೂತ ಗುರುತು ಬೇಡ್ವಾ?"

ತಗ್ಗು ತೆಗೆಯುವುದು ನನ್ನ ಕಸುಬು. ಮೂವತ್ತು ವರ್ಷದಿಂದ ಜನರ ತಗ್ಗುಗಳನ್ನು ತುಂಬಿಕೊಂಡು ಬಂದವಳಿಗೆ ತಗ್ಗು ಮಾಡಿಕೊಡು ಎಂದು ಕೇಳಿದವನು ಇವನೇ ಮೊದಲನೆಯವನು. ಸುಮ್ಮನಿರಲಾಗದೆ ಹೇಳಿಯೇಬಿಟ್ಟೆ, ಇದರಲ್ಲಿ ಯಾರೂ ಕೂತಿಲ್ಲ ಸಾರ್ ಎಂದು.

ಅವನು ಗಡಿಯಾರ ನೋಡಲಿಲ್ಲ, ನನ್ನನ್ನು ನೋಡಿದ. "ನೀವು ಕುರ್ಚಿ ರಿಪೇರಿ ಮಾಡಿ ಮೇಡಂ. ಇತಿಹಾಸದ ರಿಪೇರಿ ನಾವು ಮಾಡ್ಕೋತೀವಿ."

ಆಮೇಲೆ ಒಂದು ಕಾಗದ ಕೊಟ್ಟ. ಟೈಪು ಮಾಡಿಯೇ ತಂದಿದ್ದ. ಒಬ್ಬರೇ ವ್ಯಕ್ತಿ ಮೂವತ್ತೊಂದು ವರ್ಷ ಕೂತ ಗುರುತುಗಳನ್ನು ಈ ಕುರ್ಚಿಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿದೆ. ಕೆಳಗೆ ನನ್ನ ಸಹಿಗೆ ಜಾಗ. ಚೌಕಟ್ಟು ಹಾಕಿ ಕುರ್ಚಿಯ ಮೇಲೆ ತೂಗುಹಾಕುತ್ತಾರಂತೆ. ಸಹಿ ಆದರೆ ಊಟದ ಮನೆಯ ಕುರ್ಚಿಗಳು. ಆಗದಿದ್ದರೆ, ಬೇರೆ ಕೆಲಸಗಾರರು ಇದ್ದಾರೆ ಎಂದ. ಮಡಚಿ ಚೀಲಕ್ಕೆ ಹಾಕಿಕೊಂಡೆ.

ಜೂನ್ ೧೧, ಬುಧವಾರ

ಇವತ್ತು ಮೇಲಿನ ಮಹಡಿಯ ಅಜ್ಜಿ ಇಳಿದು ಬಂದರು. ಸಂಸ್ಥಾಪಕರ ಮಗಳು, ತೊಂಬತ್ತು ದಾಟಿದೆ. ಲಿಫ್ಟಿನಿಂದ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಬಂದು ನನ್ನೆದುರು ನಿಲ್ಲಿಸಿದರು.

"ನೀನೇನಾ ಕುರ್ಚಿಯವಳು?"

"ಹೌದಮ್ಮ."

"ಬಿಚ್ಚಿ ನೋಡಿದ್ಯಾ?"

"ನೋಡಿದೆ."

"ಹೋದ ಸಲ ಬಿಚ್ಚಿದವನೂ ನೋಡಿದ್ದ. ಏನ್ ಕಂಡೆಯಪ್ಪಾ ಅಂತ ಕೇಳಿದ್ದಕ್ಕೆ ಚಪ್ಪಲಿ ಹಾಕ್ಕೊಂಡು ಹೊರಟೇಬಿಟ್ಟ." ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. "ನೀನಾದ್ರೂ ಹೇಳ್ತೀಯಾ?"

ಅವನು ನಮ್ಮಪ್ಪ ಎಂದು ಹೇಳಲಿಲ್ಲ. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಕೆಲಸ ಇದೆ ಎಂದು ತಲೆ ತಗ್ಗಿಸಿದೆ. ಹೋಗುವಾಗ ಅಜ್ಜಿ, "ನಿಂತೇ ಹೊಲೀತೀಯಲ್ಲ, ಸ್ಟೂಲು ಇಲ್ವಾ?" ಎಂದರು. ಸ್ಟೂಲು ಅಲ್ಲೇ ಇತ್ತು. ಅದರ ಮೇಲೆ ಮೊಳೆಯ ಡಬ್ಬಿ ಇಟ್ಟಿದ್ದೆ, ಅದಕ್ಕೆ ಕೂತಿರಲಿಲ್ಲ.

ಜೂನ್ ೧೨, ಗುರುವಾರ

ತಗ್ಗು ಮಾಡಲು ಮರಳು ಚೀಲ ಹೇರಿದ್ದೆ. ಬೆಳಿಗ್ಗೆ ನೋಡಿದರೆ ಚೀಲ ನೆಲದ ಮೇಲೆ, ಆಸನ ಉಬ್ಬಿದ ಹಾಗೇ ಇದೆ. ಗುಡಿಸುವವರು ಇಳಿಸಿರಬೇಕು. ಕೇಳಿದರೆ ಇಲ್ಲ ಎಂದರು. ಎರಡು ಚೀಲ ಹೇರಿ ಹಗ್ಗ ಬಿಗಿದು ಬಂದಿದ್ದೇನೆ.

ಜೂನ್ ೧೩, ಶುಕ್ರವಾರ

ಹಗ್ಗ ಬಿಚ್ಚಿತ್ತು. ಚೀಲಗಳು ನೆಲದ ಮೇಲೆ ಒಂದರ ಪಕ್ಕ ಒಂದು, ಯಾರೋ ಮರ್ಯಾದೆಯಿಂದ ಇಳಿಸಿಟ್ಟ ಹಾಗೆ ಇದ್ದವು.

ಜೂನ್ ೧೪, ಶನಿವಾರ

ಅಜ್ಜಿ ಕರೆಸಿಕೊಂಡರು. ಅವರ ಕೋಣೆಯ ತುಂಬ ಬಿಸಿಲು, ಆದರೂ ನನಗೆ ಚಳಿ. ಹೇಳಿದ್ದನ್ನು ಹೇಳಿದ ಹಾಗೆ ಬರೆದಿಡುತ್ತೇನೆ.

"ಅಪ್ಪನಿಗೆ ಒಬ್ಬಳು ಅಕ್ಕ ಇದ್ಲು. ನನ್ನ ಅತ್ತೆ. ಹೋಟೆಲು ಶುರು ಮಾಡಿದಾಗ ಅಡುಗೆ, ಬಟ್ಟೆ, ಬಾಗಿಲು, ಎಲ್ಲಾ ಅವಳದೇ. ಆ ಬಿರುಗಾಳಿಯ ರಾತ್ರಿ, ದಿನವಿಡೀ ಕೆಲಸ ಮಾಡಿ ದಣಿದಿದ್ಲು, ಬಾಗಿಲ ಹತ್ರ ಒಂದು ಕಟ್ಟೆ ಮೇಲೆ ಕೂತ್ಲು. ಕೂತವಳಿಗೆ ಜೋಂಪು ಹತ್ತಿತು. ಬಡಿದಿದ್ದು ಕೇಳಿಸಲಿಲ್ಲ. ಅಪ್ಪನಿಗೆ ಮೇಲೆ ಕೇಳಿಸಿತ್ತು. ಅವಳು ತೆಗೀತಾಳೆ ಬಿಡು ಅಂತ ಮಗ್ಗಲು ಬದಲಾಯಿಸಿ ಮಲಗಿದ್ದ. ಅದನ್ನ ಸಾಯೋ ಹೊತ್ತಿಗೆ ನನ್ನ ಹತ್ರ ಹೇಳಿದ, ಅವಳ ಹತ್ರ ಹೇಳಲೇ ಇಲ್ಲ. ಅವಳಿಗೆ ಹೇಳಿದ್ದು ಒಂದೇ ಮಾತು. ನೀನು ಕೂತಿದ್ದಕ್ಕೆ ಒಬ್ಬ ಸತ್ತ. ಇನ್ನು ಮೇಲೆ ಕೂರಬೇಡ."

ಆಮೇಲೆ ಸಂಸ್ಥಾಪಕರು ಈ ಕುರ್ಚಿ ತರಿಸಿದರಂತೆ. ಅದರಲ್ಲಿ ಒಂದು ದಿನ ಕೂತು ಫೋಟೋ ತೆಗೆಸಿಕೊಂಡರಂತೆ, ಅಷ್ಟೇ. ರಾತ್ರಿ ಬಂದವರಿಗೆ ಬಾಗಿಲು ತೆಗೆಯುತ್ತಿದ್ದದ್ದು ಅತ್ತೆ. ಯಜಮಾನರು ಎಲ್ಲಿ ಎಂದು ಯಾರಾದರೂ ಕೇಳಿದರೆ, ಈಗ ತಾನೇ ಎದ್ದು ಹೋದರು ಅನ್ನಬೇಕು ಎಂದು ಹೇಳಿಕೊಟ್ಟಿದ್ದರು. ಮೂವತ್ತೊಂದು ವರ್ಷ ಹಾಗೇ ಅಂದಳಂತೆ. ಬಂದವರು ಖಾಲಿ ಕುರ್ಚಿ ನೋಡಿ ಕೈಮುಗಿದು ಮೇಲೆ ಹೋಗುತ್ತಿದ್ದರಂತೆ.

"ನಾನು ಸಣ್ಣವಳು. ಅತ್ತೆ, ತೊಡೆ ಮೇಲೆ ಕೂರಿಸ್ಕೋ ಅಂತ ಅಳ್ತಿದ್ದೆ. ಕೂತರೆ ತಾನೇ ತೊಡೆ! ಕೂತರೆ ನಿದ್ದೆ ಬರುತ್ತೆ ಮಗು, ಅಂತಿದ್ಲು. ಎತ್ಕೊಂಡೇ ನಿಂತಿರ್ತಿದ್ಲು. ಒಂದು ಕೈ ನನ್ನ ಕೆಳಗೆ, ಒಂದು ಕೈ ಕುರ್ಚಿ ಮೇಲೆ." ಅಜ್ಜಿ ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. "ನಾನು ಹೇಳಿದ್ರೆ ಮುದುಕಿಗೆ ಅರಳುಮರಳು ಅಂತಾರೆ. ಇಷ್ಟು ವರ್ಷ ಅಂದಿದ್ದಾರೆ. ಕುರ್ಚಿ ಬಿಚ್ಚಿದವಳು ಹೇಳಿದ್ರೆ ನಂಬ್ತಾರೆ. ನಾನು ಹೋಗೋದ್ರೊಳಗೆ ಒಬ್ರಾದ್ರೂ ಅವಳ ಬಗ್ಗೆ ಹೇಳ್ಬೇಕು ಕಣೇ."

ನೋಡೋಣ ಎಂದೆ. ಇಂಥ ಜಾಗದಲ್ಲಿ ನೋಡೋಣ ಎನ್ನುವವರಷ್ಟು ಹೇಡಿಗಳು ಬೇರೆ ಇಲ್ಲ.

ಜೂನ್ ೧೭, ಮಂಗಳವಾರ

ತಂಗಿ ಬುತ್ತಿ ತಂದಿದ್ದಳು. ಹೊರಗಿನ ಬೆಂಚಿನ ಮೇಲೆ ಕೂತು ತಿನ್ನೋಣ ಬಾ ಎಂದಳು. ನೀನು ಕೂತಿರು, ಬಂದೆ ಎಂದು ನಿಂತೇ ತಿಂದೆ. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

"ಅಕ್ಕ, ಮನೇಲೂ ನೀನು ಕೂರ್ತಿಲ್ಲ."

"ಇಡೀ ದಿನ ಕೂತೇ ಇರ್ತೀನಲ್ಲೇ ಕೆಲಸದಲ್ಲಿ."

"ಎಲ್ಲಿ ಕೂತಿರ್ತೀಯ? ನಾನು ಬಂದು ಅರ್ಧ ಗಂಟೆ ಆಯ್ತು, ರಸ್ತೆ ಆಚೆಯಿಂದ ನೋಡ್ತಾ ಇದ್ದೆ. ನೀನು ಕುರ್ಚಿ ಪಕ್ಕ ನಿಂತಿದ್ದೆ. ಸೂಜಿಯೂ ಇರಲಿಲ್ಲ ಕೈಯಲ್ಲಿ. ನಾಲ್ಕು ಜನಕ್ಕೆ ಬಾಗಿಲು ತೆಗೆದೆ."

ಭಾರದ ಬಾಗಿಲು ಅದು, ಬಂದವರ ಕೈಯಲ್ಲಿ ಸಾಮಾನು ಇರುತ್ತದೆ. ತೆಗೆದರೆ ನನ್ನ ಗಂಟೇನು ಹೋಗುತ್ತದೆ? ತಂಗಿಗೆ ಎಲ್ಲದರಲ್ಲೂ ಕೊಂಕು. ಮಂಡಿ ನೋವು ಎಷ್ಟೋ ಕಡಿಮೆಯಾಗಿದೆ ಎಂದು ಹೇಳಿದರೂ ಅವಳ ಮುಖ ಗೆಲುವಾಗಲಿಲ್ಲ.

ಮಧ್ಯಾಹ್ನ ಮಗು ಗಾಲಿಕುರ್ಚಿಯಲ್ಲಿ ಇಳಿದು ಬಂತು. ಊಟ ಸೇರಲಿಲ್ಲವಂತೆ, ಮುಖ ಬಾಡಿತ್ತು. ಹಾಲು ತರಿಸಿ ಕುಡಿಸಿ ಮೇಲೆ ಕಳಿಸಿದೆ. ತಲೆಗೂದಲು ಎಷ್ಟು ತೆಳ್ಳಗಾಗಿದೆ.

ಜೂನ್ ೧೯, ಗುರುವಾರ

ಮರಳು ಚೀಲ ಬಿಟ್ಟು ಬೇರೆ ದಾರಿ ಹಿಡಿದೆ. ಒಳಗಿನ ಕೂದಲನ್ನೇ ಮಧ್ಯದಲ್ಲಿ ಕಿತ್ತು ತೆಗೆದೆ, ಕೆಳಗಿನಿಂದ ಹೊಲಿಗೆ ಎಳೆದು ಬಿಗಿದೆ. ಈಗ ತಗ್ಗು ನಿಂತಿದೆ. ದಪ್ಪನೆಯ ಗಂಡಸೊಬ್ಬ ಕೂತ ಹಾಗೇ ಕಾಣುತ್ತದೆ. ಗಡಿಯಾರಪ್ಪ ಕೈ ಕುಲುಕಿದ.

ಕಿತ್ತ ಕೂದಲನ್ನು ಏನು ಮಾಡುವುದೋ ತಿಳಿಯಲಿಲ್ಲ. ಚೀಲದಲ್ಲಿಟ್ಟುಕೊಂಡು ಮನೆಗೆ ತಂದೆ. ಕುದುರೆಯದು ಇಷ್ಟು ಉದ್ದ ಇರುತ್ತದೆಯೇ? ಇಷ್ಟು ನವಿರು?

ಜೂನ್ ೨೦, ಶುಕ್ರವಾರ

ಸಹಿ ಹಾಕಿದೆ.

ಜೂನ್ ೨೧, ಶನಿವಾರ

ಹೊಲಿಗೆ ಮುಚ್ಚುವ ಮುಂಚೆ ಚೀಟಿ ಬರೆಯಬೇಕಿತ್ತು. ಬರೆಯಲು ಹೋದರೆ ಅಪ್ಪನ ಚೀಟಿಯ ಮಾತೇ ಅಕ್ಷರಕ್ಕೆ ಅಕ್ಷರ ಬಂತು. ಅದನ್ನೇ ಇಟ್ಟು ಹೊಲಿದೆ. ಕೆಲಸ ಮುಗಿಯಿತು. ಆದರೂ ನಾಳೆ ಬೆಳಿಗ್ಗೆ ಬೇಗ ಹೋಗಬೇಕು. ದೂರದಿಂದ ಬರುವವರು ಇರುತ್ತಾರೆ.

ಜೂನ್ ೨೨, ಭಾನುವಾರ

ತಂಗಿ ಮನೆಯ ಮುಂಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಬಚ್ಚಿಟ್ಟಿದ್ದಳು. ನಾನು ಬಾಗಿಲು ತೆರೆದಿಟ್ಟು ನಿಂತಿರುತ್ತೇನಂತೆ, ಬೀದಿ ನಾಯಿಗಳೆಲ್ಲ ಒಳಗೆ ಬರುತ್ತವಂತೆ. ಜಗಳವಾಯಿತು. "ಅಪ್ಪನನ್ನ ನೋಡಿದ್ದು ಸಾಲದಾ ನನಗೆ?" ಎಂದು ಗೋಳೋ ಎಂದು ಅತ್ತಳು. ಅವಳು ಯಾಕೆ ಅತ್ತಳೋ, ನನಗೂ ಅಳು ಬಂತು.

ಜೂನ್ ೨೫, ಬುಧವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಬರೆಯುವ ಸ್ಥಿತಿ ಇರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಸಮಾರಂಭ. ಇನ್ನೂರು ಜನ ಇದ್ದರೇನೋ. ಮೊದಲ ಸಾಲಿನಲ್ಲಿ ಅಜ್ಜಿ. ಪಕ್ಕದಲ್ಲಿ ನನಗೆಂದು ಒಂದು ಆಸನ ಇಟ್ಟಿದ್ದರಂತೆ, ತಂಗಿ ಹೇಳಿದ ಮೇಲೆ ಗೊತ್ತಾಯಿತು. ನಾನು ಕುರ್ಚಿಯ ಪಕ್ಕದಲ್ಲಿದ್ದೆ. ಗಡಿಯಾರಪ್ಪ ಮೈಕಿನಲ್ಲಿ ಕಥೆ ಹೇಳಿದ, ಬಿರುಗಾಳಿ, ಹೆಣ, ಮೂವತ್ತೊಂದು ವರ್ಷ. ಆಮೇಲೆ ನನ್ನ ಕಾಗದವನ್ನು ಗಟ್ಟಿಯಾಗಿ ಓದಿದ. ಕಣ್ಣಾರೆ ಕಂಡಿದ್ದೇನೆ ಎನ್ನುವಲ್ಲಿ ಜನ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿದ್ದ ಒಬ್ಬರು, ಯಾರೋ ದೊಡ್ಡ ಮನುಷ್ಯರು, ಕುರ್ಚಿಯ ಹತ್ತಿರ ಬಂದು ತಗ್ಗನ್ನು ಮುಟ್ಟಿದರು. "ಅರೆ, ಬೆಚ್ಚಗಿದೆಯಲ್ಲ," ಎಂದರು. ಯಾರನ್ನೂ ಉದ್ದೇಶಿಸದೆ ಹಾಗೇ ಅಂದದ್ದು. ನನ್ನ ಬಾಯಿ ತೆರೆಯಿತು. "ಈಗ ತಾನೇ ಎದ್ದು ಹೋದರು," ಎಂದಿತು.

ನನ್ನ ದನಿಯಲ್ಲ ಅದು. ತಂಗಿ ಎರಡನೇ ಸಾಲಿನಲ್ಲಿ ಎದ್ದು ನಿಂತದ್ದು ಕಂಡಿತು. ಜನ ಮೆಟ್ಟಿಲಿನ ಕಡೆ ತಿರುಗಿ ನೋಡಿದರು. ಕೆಲವರು ನಕ್ಕರು, ಚಮತ್ಕಾರದ ಮಾತು ಎಂದುಕೊಂಡು. ಅಜ್ಜಿ ನಗಲಿಲ್ಲ. ಅವರ ಮುಖದಲ್ಲಿ ಕಂಡದ್ದನ್ನು ಬರೆಯಲಾರೆ. ತೊಂಬತ್ತು ವರ್ಷದ ಮುಖ ಐದು ವರ್ಷದ್ದಾಗಿತ್ತು.

ಆ ಮುಖ ನೋಡಿದ ಮೇಲೆ ತಡೆಯಲಾಗಲಿಲ್ಲ. "ಸುಳ್ಳು," ಎಂದೆ. ಈ ಸಲ ನನ್ನ ದನಿಯೇ, ಒಡೆದ ಮಡಕೆಯ ಹಾಗಿತ್ತು. "ಆ ತಗ್ಗು ನಾನು ಮಾಡಿದ್ದು. ಕಾಗದಕ್ಕೆ ಸಹಿ ಹಾಕಿದ್ದೂ ನಾನೇ, ಕೆಲಸದ ಆಸೆಗೆ. ಇದ್ರಲ್ಲಿ ಯಾರೂ ಕೂತಿಲ್ಲ. ಐವತ್ತೆರಡು ವರ್ಷದ ಹಿಂದೆ ನಮ್ಮಪ್ಪನೂ ಇದನ್ನ ನೋಡಿ ಬಾಯಿ ಮುಚ್ಕೊಂಡ. ಬಾಗಿಲು ಕಾದಿದ್ದು ಸಂಸ್ಥಾಪಕರ ಅಕ್ಕ. ಮೂವತ್ತೊಂದು ವರ್ಷ, ಇಲ್ಲಿ, ಈ ಕಲ್ಲಿನ ಮೇಲೆ, ನಿಂತ್ಕೊಂಡು. ಬನ್ನಿ, ನೋಡಿ ಬೇಕಾದ್ರೆ."

ಯಾರೂ ಬರಲಿಲ್ಲ. ಗಡಿಯಾರಪ್ಪ ಮೈಕು ಆರಿಸಿ, ತಿಂಡಿ ತಯಾರಿದೆ, ದಯವಿಟ್ಟು ಒಳಗೆ ಬನ್ನಿ ಎಂದ. ಜನ ನನ್ನನ್ನು ಸುತ್ತು ಹಾಕಿಕೊಂಡು ಹೋದರು. ಹೋಗುವಾಗ ಒಬ್ಬ ಹೆಂಗಸು ಮಾತ್ರ ನಿಂತು, ಕೆಳಗೆ ಕಲ್ಲನ್ನು ನೋಡಿದಳು. ತನ್ನ ಚಪ್ಪಲಿ ಕಳಚಿ ಬದಿಗಿಟ್ಟಳು. ಅಷ್ಟು ಮಾಡಿ ಹೋದಳು. ಊಟದ ಮನೆಯ ಕುರ್ಚಿಗಳು ಹೋದವು ಎಂದು ಬೇರೆ ಹೇಳಬೇಕಿಲ್ಲ.

ಕೊನೆಗೆ ಅಲ್ಲಿ ಉಳಿದದ್ದು ತಂಗಿ, ನಾನು, ಅಜ್ಜಿ. ಗಾಲಿಕುರ್ಚಿ ನನ್ನ ಹತ್ತಿರ ಬಂತು. ಅಜ್ಜಿ ಕುರ್ಚಿಯ ಬೆನ್ನಿನ ಮೇಲಿದ್ದ ನನ್ನ ಕೈ ಹಿಡಿದರು. ಬೆರಳು ಒಂದೊಂದಾಗಿ ಬಿಡಿಸಿದರು. ಬಿಡಿಸುವವರೆಗೆ ಕೈ ಅಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

"ಒಬ್ರು ಹೇಳಿದ್ರಲ್ಲ ಅತ್ತೆ, ನಿನ್ನ ವಿಷಯ ಎಲ್ರ ಮುಂದೆ ಹೇಳಿದ್ರು," ಎಂದರು. "ಸಾಕು. ಇನ್ನು ಕೂತ್ಕೋ."

"ಕೂತರೆ ನಿದ್ದೆ ಬರುತ್ತೆ ಮಗು," ಎಂದೆ.

"ಬರ್ಲಿ ಬಿಡು. ಬಾಗಿಲು ನಾನು ನೋಡ್ಕೋತೀನಿ."

ಸಂಸ್ಥಾಪಕರ ಕುರ್ಚಿಯಲ್ಲಿ ಕೂರಲು ಮಂಡಿ ಮಡಚಿದಾಗ ಆದ ನೋವು ಒಂದು ಜನ್ಮದ್ದಲ್ಲ. ಕೂತೆ. ಆಮೇಲಿನದು ತಂಗಿ ಹೇಳಿದ್ದು. ನಾನು ಸಂಜೆ ಐದರವರೆಗೆ ಅಲುಗಾಡದೆ ಮಲಗಿದ್ದೆನಂತೆ. ಅಷ್ಟು ಹೊತ್ತೂ ಅಜ್ಜಿ ಬಾಗಿಲಿನ ಕಡೆ ಮುಖ ಮಾಡಿ ಎಚ್ಚರವಾಗಿದ್ದರಂತೆ, ಯಾರೇ ಒಳಗೆ ಬಂದರೂ ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ನಡೀರಿ, ನಮ್ಮತ್ತೆ ಈಗ ತಾನೇ ಮಲಗಿದ್ದಾಳೆ, ಎನ್ನುತ್ತಿದ್ದರಂತೆ.